ಒಂದೇ ಗೇಜಿನ ಮೇಲೆ ನಿಂತ ನಾಲೆ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ರಾಯಚೂರು ಜಿಲ್ಲೆಯ ಯಾವ ದಿನಪತ್ರಿಕೆ ತೆರೆದರೂ ಒಂದೇ ಬಗೆಯ ಸುದ್ದಿ ನಿಮ್ಮ ಕಣ್ಣಿಗೆ ಬೀಳುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ 69ನೇ ಮೈಲಿನಲ್ಲಿ ಗೇಜು ಇಳಿದಿದೆ, 104ನೇ ಮೈಲಿಗೆ ನೀರು ತಲುಪುತ್ತಿಲ್ಲ, ಮಾನ್ವಿ ಭಾಗದ ರೈತರು ರಸ್ತೆ ತಡೆ ನಡೆಸಿದ್ದಾರೆ, ಅಧಿಕಾರಿಗಳು ಗೇಜು ಕಾಯ್ದುಕೊಳ್ಳುವ ಭರವಸೆ ಕೊಟ್ಟಿದ್ದಾರೆ. ಇಸವಿ ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ.

ಗೇಜು ಎಂದರೆ ನಾಲೆಯ ಅಂಚಿಗೆ ನಿಲ್ಲಿಸಿದ ಅಡಿ-ಅಂಗುಲಗಳ ಪಟ್ಟಿ. ನೀರು ಎಷ್ಟು ಆಳ ಹರಿಯುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಬಲು ಉಪಯುಕ್ತ ಸಾಧನ. ಆದರೆ ಲಕ್ಷಾಂತರ ಎಕರೆಗೆ ನೀರು ಹಂಚಬೇಕಾದ ಒಂದು ವ್ಯವಸ್ಥೆ, ತನ್ನ ಎಲ್ಲ ವಿಚಾರವನ್ನೂ ಎರಡು ಮೂರು ಕಡೆಯ ಗೇಜಿನ ಅಂಕಿಗೆ ಇಳಿಸಿಕೊಂಡರೆ ಏನಾಗುತ್ತದೆ? ಈ ಲೇಖನದಲ್ಲಿ ನಾವು ನೋಡಬೇಕಾಗಿರುವುದು ಇದನ್ನೇ. ನನ್ನ ಕಸುಬು ಭೌತಶಾಸ್ತ್ರದ ಪಾಠ. ನೀರಾವರಿ ಎಂಜಿನಿಯರ್ ನಾನಲ್ಲ. ಆದರೂ ಈ ಪ್ರಶ್ನೆಯಲ್ಲಿ ಭೌತಶಾಸ್ತ್ರದ ಪಾಲು ಸಾಕಷ್ಟಿದೆ. ಹೊಲವಿಲ್ಲದ ರಾಯಚೂರು ನಗರವಾಸಿಗಳಿಗೂ ಇದರಲ್ಲಿ ಪಾಲಿದೆ. ನಗರಕ್ಕೆ ಕುಡಿಯುವ ನೀರು ಕೊಡುವ ರಾಂಪುರ ಕೆರೆ ತುಂಬಬೇಕಾದದ್ದು ಇದೇ ನಾಲೆಯಿಂದ.

ಮೂಲ ವಿನ್ಯಾಸದಲ್ಲಿ ಏನಿತ್ತು?

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಅಂದಿನ ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ಜಂಟಿ ಯೋಜನೆಯಾಗಿ ಆರಂಭವಾಯಿತು. 1953ರಲ್ಲಿ ಜಲಾಶಯ ಸಿದ್ಧವಾಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ನಾಲೆಯ ಉದ್ದ 227 ಕಿ.ಮೀ. ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ಅದು ರಾಯಚೂರು ತಾಲ್ಲೂಕಿನವರೆಗೆ ಬರುತ್ತದೆ.

ಯೋಜನೆಯ ಗುರಿ ಬರಗಾಲದಿಂದ ರಕ್ಷಣೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ, ಅದೂ ನಂಬಿಕೆಗೆ ಸಿಗದ ಈ ಸೀಮೆಯಲ್ಲಿ, ಕೆಲವರಿಗೆ ಯಥೇಚ್ಛ ನೀರು ಕೊಡುವ ಬದಲು ಬಹಳ ಮಂದಿಗೆ ಒಂದಿಷ್ಟು ನೀರು ಕೊಡಬೇಕು ಎಂಬುದು ಯೋಜಕರ ಎಣಿಕೆಯಾಗಿತ್ತು. ಅದಕ್ಕಾಗಿ ಅವರು ಸರ್ವೆ ನಂಬರುವಾರು ಬೆಳೆ ಗೊತ್ತುಮಾಡಿದರು. ಈ ಹೊಲಕ್ಕೆ ಮುಂಗಾರಿನ ಮಿತ ನೀರಾವರಿ, ಆ ಹೊಲಕ್ಕೆ ಹಿಂಗಾರಿನ ಜೋಳ, ಇನ್ನೊಂದೆಡೆ ಹತ್ತಿ, ತಗ್ಗಿನ ಕೆಲವೇ ಭಾಗಗಳಿಗೆ ಭತ್ತ. ಇದಕ್ಕೆ ನಮ್ಮ ಕಡೆ ಇಂದಿಗೂ ಲೋಕಲೈಸೇಷನ್ ಎಂದೇ ಹೆಸರು.

ಈ ವಿನ್ಯಾಸದ ಒಳ್ಳೆಯ ಗುಣವೊಂದನ್ನು ಗಮನಿಸಿ. ಬೆಳೆಗಳು ಹಲವಾದ್ದರಿಂದ ನೀರು ಬೇಕಾಗುವ ಕಾಲವೂ ಹಲವು. ಎಲ್ಲರೂ ಒಂದೇ ವಾರ ನೀರಿಗೆ ಬಾಯಿ ತೆರೆಯುವುದಿಲ್ಲ. ನೀರು ಕಡಿಮೆಯಾದ ವರ್ಷ ಜೋಳಕ್ಕೆ ಒಂದು ಹದ ತಪ್ಪಿದರೂ ತೆನೆ ಕಟ್ಟುತ್ತದೆ. ಅಂದರೆ ವ್ಯವಸ್ಥೆಯ ಒಳಗೇ ಹೊಂದಾಣಿಕೆಗೆ ಅವಕಾಶವಿತ್ತು.

ಅದೇ ವಿನ್ಯಾಸದ ದೋಷವನ್ನೂ ಹೇಳಬೇಕು. ಯಾವ ಹೊಲದಲ್ಲಿ ಏನು ಬೆಳೆಯಬೇಕೆಂದು ರೈತನನ್ನು ಯಾರೂ ಕೇಳಲಿಲ್ಲ. ಕಾಗದದ ಮೇಲಿನ ಬೆಳೆ ಕಾಗದದಲ್ಲೇ ಉಳಿಯಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಕೃಷಿಯನ್ನು ತಂದರು, ಅದು ಲಾಭ ಕೊಟ್ಟಿತು, ಸ್ಥಳೀಯರೂ ಹಿಂಬಾಲಿಸಿದರು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಭತ್ತಕ್ಕೆ ಮಾರುಕಟ್ಟೆಯಿತ್ತು, ಗಿರಣಿಗಳಿದ್ದವು, ಸಾಲ ಸಿಗುತ್ತಿತ್ತು. ಜೊತೆಗೆ ಇನ್ನೊಂದು ಕಾರಣ ಮಣ್ಣಿನಲ್ಲೇ ಇದೆ. ಕಪ್ಪು ಎರೆಯಲ್ಲಿ ನೀರು ಸುಲಭವಾಗಿ ಬಸಿದು ಹೋಗುವುದಿಲ್ಲ. ಮೇಲಿನ ಹೊಲದವನು ಭತ್ತ ಹಚ್ಚಿದರೆ ಅವನ ಬಸಿನೀರು ಕೆಳಗಿನ ಹೊಲವನ್ನು ಜೌಗಾಗಿಸುತ್ತದೆ. ಅಲ್ಲಿ ಜೋಳ, ಹತ್ತಿ ಕೊಳೆಯುತ್ತವೆ. ಆಗ ಕೆಳಗಿನವನಿಗೂ ಭತ್ತವೇ ಗತಿ. ಒಬ್ಬನ ಆಯ್ಕೆ ಮತ್ತೊಬ್ಬನ ಆಯ್ಕೆಯನ್ನು ಕಿತ್ತುಕೊಳ್ಳುತ್ತದೆ. ಕಾಲ ಕಳೆದಂತೆ ಸವುಳು-ಜವುಳು ಸಮಸ್ಯೆ ಮಣ್ಣನ್ನೇ ಕೆಡಿಸುತ್ತದೆ, ಹಿಂದಿನ ಬೆಳೆಗೆ ಮರಳುವ ದಾರಿ ಮುಚ್ಚುತ್ತದೆ.

ಒಂದು ಎಕರೆ ಭತ್ತ ಬೇಡುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯಬಹುದು. ಹೀಗಿರುವಾಗ ಮೇಲ್ಭಾಗದಲ್ಲಿ ಭತ್ತ ಹರಡಿದಷ್ಟೂ ಕೆಳಭಾಗದಲ್ಲಿ ಏನಾಗಬೇಕೋ ಅದೇ ಆಯಿತು.

ಕಳ್ಳತನವಿಲ್ಲದೆಯೂ ಬತ್ತುವ ಕೊನೆ

ಕೊನೆಭಾಗಕ್ಕೆ ನೀರು ಬಾರದಿದ್ದರೆ ನಾವು ತಕ್ಷಣ ಹೇಳುವ ಮಾತು: ಮೇಲಿನವರು ಕದ್ದರು. ಅಕ್ರಮ ತೂಬು, ಪಂಪುಸೆಟ್ಟುಗಳು ಇರುವುದು ನಿಜ. ಆದರೆ ಯಾರೂ ಒಂದು ತೂಬನ್ನೂ ಮುಟ್ಟದಿದ್ದರೂ ಕೊನೆಭಾಗ ಬತ್ತಬಲ್ಲದು. ಹೇಗೆ? ಒಂದು ಸರಳ ಲೆಕ್ಕ ಮಾಡೋಣ.

ಅಗಲವಾದ ನಾಲೆಯಲ್ಲಿ ಹರಿಯುವ ನೀರಿನ ಪ್ರಮಾಣ ಆಳದ 5/3ನೇ ಘಾತಕ್ಕೆ ಅನುಗುಣವಾಗಿರುತ್ತದೆ. ಆಳ ಕಡಿಮೆಯಾದರೆ ಹರಿಯುವ ಅಡ್ಡಕೊಯ್ತವೂ ಕಡಿಮೆ, ವೇಗವೂ ಕಡಿಮೆ. ಹಾಗಾಗಿ ಹರಿವು ಬೇಗ ಕುಸಿಯುತ್ತದೆ. ಆದರೆ ನಾಲೆಯ ತಳದ ಹತ್ತಿರ ಹಾಕಿದ ಕೊಳವೆ ತೂಬಿನ ಲೆಕ್ಕ ಬೇರೆ. ಅದರಿಂದ ಹೊರಬರುವ ನೀರು ಆಳದ ವರ್ಗಮೂಲಕ್ಕೆ ಮಾತ್ರ ಅನುಗುಣ.

ಒಂದು ವಿತರಣಾ ನಾಲೆಯಲ್ಲಿ 1 ಮೀಟರ್ ಆಳ ಇದ್ದಾಗ 100 ಪಾಲು ನೀರು ಹರಿಯುತ್ತದೆ ಎಂದಿಟ್ಟುಕೊಳ್ಳಿ. ಮೇಲ್ಭಾಗದ ತೂಬುಗಳು 60 ಪಾಲು ಪಡೆಯುತ್ತವೆ, ಕೊನೆಭಾಗಕ್ಕೆ 40 ಪಾಲು. ಈಗ ಆಳ 64 ಸೆಂ.ಮೀ.ಗೆ ಇಳಿಯಿತು. ನಾಲೆಯ ಹರಿವು 100ರಿಂದ ಸುಮಾರು 47.5ಕ್ಕೆ ಬೀಳುತ್ತದೆ. ಆದರೆ 0.64ರ ವರ್ಗಮೂಲ 0.8. ಅಂದರೆ ಮೇಲಿನ ತೂಬುಗಳು 60ರ ಬದಲು 48 ಪಾಲು ಎಳೆಯುತ್ತವೆ. 47.5ರಲ್ಲಿ 48 ಕಳೆದರೆ ಉಳಿಯುವುದೇನು? ಏನೂ ಇಲ್ಲ. ನೀರು ಅರ್ಧವಾದಾಗ ಮೇಲಿನವರಿಗೆ ಐದರಲ್ಲಿ ಒಂದು ಪಾಲು ಖೋತಾ. ಕೊನೆಯವರಿಗೆ ಪೂರ್ತಿ ಖೋತಾ.

ಇಲ್ಲಿ ನಾಲೆಯ ಉದ್ದಕ್ಕೂ ಮಟ್ಟ ಒಂದೇ ಪ್ರಮಾಣದಲ್ಲಿ ಇಳಿಯಿತೆಂದು ಭಾವಿಸಿದ್ದೇನೆ. ವಾಸ್ತವದಲ್ಲಿ ಮಧ್ಯದ ತೂಬುಗಳಿಗೆ ಇನ್ನಷ್ಟು ಕಡಿಮೆಯಾಗಿ ಕೊನೆಗೆ ಒಂದಿಷ್ಟು ಜಿನುಗಬಹುದು. ಆದರೆ ದಿಕ್ಕು ಇದೇ. ಉಲ್ಟಾ ಲೆಕ್ಕವನ್ನೂ ಮಾಡಿ ನೋಡಿ. ಆಳ ಶೇ. 10ರಷ್ಟು ಏರಿದರೆ ಹರಿವು ಸುಮಾರು 117ಕ್ಕೆ ಏರುತ್ತದೆ. ಮೇಲಿನ ತೂಬುಗಳು ಸುಮಾರು 63 ಪಡೆಯುತ್ತವೆ. ಕೊನೆಗೆ 54 ಪಾಲು, ಅಂದರೆ ಹಿಂದಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು, ಒಮ್ಮೆಲೇ ನುಗ್ಗುತ್ತದೆ. ಹೀಗೆ ನಾಲೆಯ ಪ್ರತಿ ಏರಿಳಿತವೂ ದೊಡ್ಡದಾಗಿ ಕೊನೆಭಾಗದ ತಲೆಯ ಮೇಲೆ ಬೀಳುತ್ತದೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತ ನಾಲೆಯ ಬರವನ್ನೂ ಹೊರಬೇಕು, ನೆರೆಯನ್ನೂ ಹೊರಬೇಕು.

ಒತ್ತಡ ಬಂದಾಗ ಸಂಸ್ಥೆ ಏನು ಮಾಡುತ್ತದೆ?

ಇಂಥ ಸ್ಥಿತಿಯಲ್ಲಿ ಜನ ಬೀದಿಗಿಳಿಯುವುದು ಸಹಜ. ಆಗ ಆಡಳಿತ ಯಂತ್ರ ಏನು ಮಾಡಿತು ಎಂಬುದೇ ನಮ್ಮ ವಿಮರ್ಶೆಯ ವಿಷಯ.

ಬ್ಯಾರಿ ಸ್ಟಾ, ಲಾನ್ಸ್ ಸ್ಯಾಂಡಲ್ಯಾಂಡ್ಸ್ ಮತ್ತು ಜೇನ್ ಡಟನ್ ಎಂಬ ಮೂವರು ಸಂಶೋಧಕರು 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಪಾಯ ಎದುರಾದಾಗ ವ್ಯಕ್ತಿಯಂತೆ ಸಂಸ್ಥೆಯೂ ಸೆಟೆದುಕೊಳ್ಳುತ್ತದೆ ಎಂಬುದು ಅದರ ಸಾರ. ಮೊದಲು, ಅದು ಗಮನಿಸುವ ಮಾಹಿತಿ ಕಿರಿದಾಗುತ್ತದೆ. ಎರಡನೆಯದಾಗಿ, ತೀರ್ಮಾನದ ಅಧಿಕಾರ ಮೇಲಿನ ಕೆಲವರ ಕೈಗೆ ಸೇರುತ್ತದೆ. ಆಮೇಲೆ, ಚೆನ್ನಾಗಿ ಗೊತ್ತಿರುವ ಹಳೆಯ ಕ್ರಮವನ್ನೇ ಇನ್ನಷ್ಟು ಬಲವಾಗಿ ಮಾಡುತ್ತದೆ. ಅಪಾಯ ಹಳೆಯ ಬಗೆಯದೇ ಆಗಿದ್ದರೆ ಇದು ಫಲಿಸುತ್ತದೆ. ಹೊಸ ಬಗೆಯದಾದರೆ ಸೋಲುತ್ತದೆ.

ಎಡದಂಡೆ ನಾಲೆಯಲ್ಲಿ ಈ ಮೂರನ್ನೂ ನೀವು ಬೆರಳಿಟ್ಟು ತೋರಿಸಬಹುದು. ಹೊಲ, ಬೆಳೆ, ಮಣ್ಣಿನ ತೇವ, ಪ್ರತಿ ವಿತರಣಾ ನಾಲೆಯ ಹರಿವು ಇವೆಲ್ಲ ಹಿಂದೆ ಸರಿದು, ಚರ್ಚೆಯೆಲ್ಲ ಕೆಲವು ಮೈಲುಗಳ ಗೇಜಿಗೆ ಇಳಿಯಿತು. ಸ್ಥಳದ ಗ್ಯಾಂಗ್‌ಮನ್ ಮತ್ತು ಕಿರಿಯ ಎಂಜಿನಿಯರ್ ಮಾಡಬೇಕಿದ್ದ ಹೊಂದಾಣಿಕೆ ನೀರಾವರಿ ಸಲಹಾ ಸಮಿತಿಯ ಸಭೆಗೆ, ಸಚಿವರ ಮೇಜಿಗೆ ಏರಿತು. ಇನ್ನು ಹಳೆಯ ಕ್ರಮ ಯಾವುದೆಂದರೆ ಪ್ರತಿ ಬೇಸಗೆಯೂ ನಾಲೆಯ ಮೇಲೆ ಪೊಲೀಸರನ್ನು ನಿಲ್ಲಿಸುವುದು, ನಿಷೇಧಾಜ್ಞೆ ಹೊರಡಿಸುವುದು. ನೀರು ಬಳಕೆದಾರರ ಸಂಘಗಳಿಗೆ ಹೊಣೆ ಕೊಡಲೆಂದು 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದದ್ದುಂಟು. ಆದರೆ ಗೇಜು ಇಳಿದ ದಿನ ರೈತ ಇಂದಿಗೂ ಹೋಗುವುದು ಸಂಘದ ಕಚೇರಿಗಲ್ಲ, ಹೆದ್ದಾರಿಗೆ.

ಬ್ರಿಟನ್ನಿನ ಮನೋವೈದ್ಯ ರಾಸ್ ಆಶ್ಬಿ 1956ರಲ್ಲಿ ಪ್ರಕಟಿಸಿದ ನಿಯಂತ್ರಣ ವಿಜ್ಞಾನದ ಪುಸ್ತಕದಲ್ಲಿ ಒಂದು ನಿಯಮವಿದೆ. ಹೊರಗಿನಿಂದ ಬರುವ ತೊಂದರೆಗಳು ಎಷ್ಟು ಬಗೆಯವೋ, ಅವನ್ನು ತಡೆಯಲು ನಿಯಂತ್ರಕನ ಬಳಿ ಅಷ್ಟೇ ಬಗೆಯ ಉತ್ತರಗಳಿರಬೇಕು. ಹತ್ತು ಬಗೆಯ ರೋಗಕ್ಕೆ ಒಂದೇ ಮಾತ್ರೆ ಇಟ್ಟುಕೊಂಡ ವೈದ್ಯನ ಪಾಡು ನಿಮಗೆ ಗೊತ್ತು. ಮಳೆ ತಡವಾಗುವುದು, ಹೂಳು ತುಂಬುವುದು, ದಂಡೆ ಒಡೆಯುವುದು, ಬೆಲೆ ಬೀಳುವುದು, ಗೇಟು ಮುರಿಯುವುದು ಎಲ್ಲಕ್ಕೂ ನಮ್ಮ ನಾಲೆಯ ಬಳಿ ಉಳಿದಿರುವ ಉತ್ತರ ಒಂದೇ: ಗೇಜು ಏರಿಸಿ.

ನಲ್ಲಿ ಮತ್ತು ಉದ್ದ ಕೊಳವೆ

ಗೇಜು ಏರಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸೋಲಾರ್ ಹೀಟರಿನ ಬಿಸಿನೀರಿಗೆ ಕಾದವರಿಗೆ ಇದರ ಉತ್ತರ ಗೊತ್ತು. ಮಾಳಿಗೆಯಿಂದ ಬಚ್ಚಲಿಗೆ ಉದ್ದ ಕೊಳವೆ. ನಲ್ಲಿ ತಿರುಗಿಸುತ್ತೀರಿ, ತಣ್ಣೀರೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ. ಸ್ವಲ್ಪ ಹೊತ್ತಿಗೆ ಕುದಿವ ನೀರು ಕೈಮೇಲೆ ಬೀಳುತ್ತದೆ. ಗಾಬರಿಯಿಂದ ಪೂರ್ತಿ ಮುಚ್ಚುತ್ತೀರಿ. ಮತ್ತೆ ತಣ್ಣೀರು.

ನಾಲೆಯ ಕೊಳವೆ 227 ಕಿ.ಮೀ. ಉದ್ದ. ನೀರು ಸೆಕೆಂಡಿಗೆ ಸರಾಸರಿ 0.8 ಮೀಟರಿನಂತೆ ಸಾಗುತ್ತದೆಂದು ಹಿಡಿದರೂ ಕೊನೆ ಮುಟ್ಟಲು ಮೂರು ದಿನಕ್ಕೂ ಹೆಚ್ಚು ಬೇಕು. ಸೋಮವಾರ ಕೆಳಗೆ ಗೇಜು ಇಳಿದದ್ದಕ್ಕೆ ಮುನಿರಾಬಾದಿನಲ್ಲಿ ಕೊಟ್ಟ ಉತ್ತರ ಗುರುವಾರ ಬಂದು ಮುಟ್ಟುತ್ತದೆ. ಅಷ್ಟರಲ್ಲಿ ಮಳೆ ಬಂದಿದ್ದರೆ ಆ ನೀರು ಹಳ್ಳ ಸೇರುತ್ತದೆ. ಹಿಂದಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಈ ಏರಿಳಿತ ದೊಡ್ಡದಾಗಿ ಬೀಳುವುದೂ ಕೊನೆಭಾಗದ ಮೇಲೆಯೇ. ದೂರದ, ತಡವಾಗಿ ಮುಟ್ಟುವ ವ್ಯವಸ್ಥೆಯನ್ನು ಮೇಲಿನ ಒಂದೇ ತಿರುಪಿನಿಂದ ಆಳಲು ಹೊರಟರೆ ತೂಗಾಟ ತಪ್ಪದು. ನಡುನಡುವೆ ತೀರ್ಮಾನ ಮಾಡಬಲ್ಲ ಕೈಗಳು ಬೇಕು.

ಹತ್ತೊಂಬತ್ತನೆಯ ಗೇಟು

ಆಗಸ್ಟ್ 10, 2024ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಬಹುತೇಕ ತುಂಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಬದಲಿ ಗೇಟು ಕೈಯಳತೆಯಲ್ಲಿರಲಿಲ್ಲ. ತುರ್ತಾಗಿ ಸಿದ್ಧಪಡಿಸಿದ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದ ತಂತ್ರಜ್ಞರ ಮತ್ತು ಕಾರ್ಮಿಕರ ಸಾಹಸವನ್ನು ಮೆಚ್ಚಲೇಬೇಕು. ಆ ವರ್ಷ ಮುಂದೆ ಮಳೆ ಬಂತು, ಜಲಾಶಯ ಮತ್ತೆ ತುಂಬಿಕೊಂಡಿತು.

ಆದರೆ ಮಳೆಯ ಉಪಕಾರವನ್ನು ನಮ್ಮ ಜಾಣ್ಮೆ ಎಂದು ಎಣಿಸಬಾರದು. ಅಣೆಕಟ್ಟಿನ ಗೇಟುಗಳು ಆಗ ಏಳು ದಶಕ ಹಳೆಯವಾಗಿದ್ದವು. 2025ರ ಮುಂಗಾರಿನಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಗೇಟು ಬದಲಾಯಿಸುವ ಕೆಲಸಕ್ಕಾಗಿ ಆ ಸಾಲಿನ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ ಈಗ 105ರ ಆಸುಪಾಸಿಗೆ ಇಳಿದಿದೆ ಎಂಬುದನ್ನೂ ಇದರ ಜೊತೆ ಇಟ್ಟು ನೋಡಿ.

ಈಗ ಪ್ರಶ್ನೆ ಇದು. ನಾಲೆಯ ನೀರು ಒಂದು ಹಂಗಾಮು ಬರುವುದಿಲ್ಲ ಎಂದಾಗ ಅಚ್ಚುಕಟ್ಟಿನ ರೈತನ ಮುಂದೆ ಎಷ್ಟು ದಾರಿಗಳಿವೆ? ಬೀಜ, ಯಂತ್ರ, ಸಾಲ, ಗಿರಣಿ, ಕೂಲಿ ಎಲ್ಲವೂ ಭತ್ತಕ್ಕೇ ಹೊಂದಿಕೊಂಡಿವೆ. ಕಪ್ಪು ಎರೆಯ ಉಳಿದ ತೇವದಲ್ಲೇ ಬಿಳಿಜೋಳ, ಕಡಲೆ, ಕುಸುಬೆ ತೆಗೆಯುವ ವಿದ್ಯೆ ಈ ಸೀಮೆಯದೇ. ಆದರೆ ಸವುಳಾದ ಗದ್ದೆಯಲ್ಲಿ, ಆ ಬಿತ್ತನೆಯ ಕೂರಿಗೆಯೂ ರೂಢಿಯೂ ತಪ್ಪಿದ ಮನೆಯಲ್ಲಿ, ಒಂದೇ ವರ್ಷದಲ್ಲಿ ಅದನ್ನು ಮರಳಿ ತರಲಾಗದು.

ಡ್ಯಾನಿ ಮಿಲ್ಲರ್ ಎಂಬ ನಿರ್ವಹಣಾ ವಿಜ್ಞಾನಿ 1990ರ ತಮ್ಮ ಕೃತಿಗೆ ಗ್ರೀಕ್ ಪುರಾಣದ ಇಕಾರಸನ ಹೆಸರಿಟ್ಟರು. ಮೇಣದ ರೆಕ್ಕೆಯಿಂದ ಮೇಲೇರಿದವನು ಆ ರೆಕ್ಕೆಯಿಂದಲೇ ಬಿದ್ದ. ಗೆದ್ದ ಸಂಸ್ಥೆಗಳು ತಮ್ಮನ್ನು ಗೆಲ್ಲಿಸಿದ ಒಂದೇ ಗುಣವನ್ನು ಬೆಳೆಸಿಕೊಂಡು ಉಳಿದುದನ್ನು ಕಳಚುತ್ತವೆ ಎಂಬುದು ಅವರ ವಾದ. ಭತ್ತ ನಮ್ಮ ಅಚ್ಚುಕಟ್ಟಿನ ಗೆಲುವು. ಅದರ ಮೇಣದ ರೆಕ್ಕೆಯೂ ಅದೇ.

ದೇವದುರ್ಗದ ಎಕರೆ ಲೆಕ್ಕ

ದೇವದುರ್ಗದ ಕಥೆ ಕೃಷ್ಣೆಯ ಕಡೆಯದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ ಪಟ್ಟಿಯ ತೀರ ಕೆಳಗಿದ್ದ ತಾಲ್ಲೂಕು ದೇವದುರ್ಗ. ಅಂಥ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ನಾಲೆಯ ನೀರು ಬಂದದ್ದು ದೊಡ್ಡ ಸಂಗತಿ. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಗುಳೆ ಹೋಗುತ್ತಿದ್ದ ಮನೆಗಳಿಗೆ ನೀರಿನ ಬೆಲೆ ಗೊತ್ತು.

ಆದರೆ ಹಿಂದುಳಿದಿರುವಿಕೆಯ ಒತ್ತಡದಲ್ಲಿ ಅಭಿವೃದ್ಧಿಯ ಅಳತೆ ಇಲ್ಲಿಯೂ ಒಂದೇ ಅಂಕಿಗೆ ಇಳಿಯಿತು: ಅಚ್ಚುಕಟ್ಟಿಗೆ ಸೇರಿದ ಎಕರೆ. ಈ ಯೋಜನೆಯೂ ಮಿತ ನೀರಾವರಿ ಬೆಳೆಗಳನ್ನು ನಂಬಿ ರೂಪಿಸಿದ್ದೇ. ಅಲ್ಲಿಯೂ ಭತ್ತ ಹರಡಿತು, ಅಲ್ಲಿಯೂ ಕೊನೆಭಾಗದ ಕೂಗು ಎದ್ದಿತು. ಎಕರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಯಾವ ಬೆಳೆ, ಬಸಿಗಾಲುವೆ ಎಲ್ಲಿ, ನೀರು ತಪ್ಪಿದ ವರ್ಷ ಏನು ಎಂಬ ಪ್ರಶ್ನೆಗಳು ಹಿಂದೆ ಬಿದ್ದವು. ತುಂಗಭದ್ರೆ ಐವತ್ತು ವರ್ಷದಲ್ಲಿ ಕಲಿಸಿದ ಪಾಠವನ್ನು ಪಕ್ಕದ ತಾಲ್ಲೂಕಿನಲ್ಲೇ ಯಾರೂ ಓದಲಿಲ್ಲ.

ಯಂತ್ರಗಳು ಇದಕ್ಕೆ ಪರಿಹಾರವೆಂಬ ಮಾತಿದೆ. ನಾರಾಯಣಪುರ ಎಡದಂಡೆಯ ನಾಲೆಗಳಲ್ಲಿ ಸ್ಕಾಡಾ ತಂತ್ರದ ಸ್ವಯಂಚಾಲಿತ ಗೇಟುಗಳು ಬಂದಿವೆ. ಒಳ್ಳೆಯ ಸಾಧನ, ಅಳತೆಯನ್ನು ಹೆಚ್ಚಿಸುತ್ತದೆ, ತಡವನ್ನು ಕಡಿಮೆ ಮಾಡುತ್ತದೆ. ಆದರೆ ಅಳತೆ ಹೆಚ್ಚಿದರೂ ಉತ್ತರ ಒಂದೇ ಆಗಿದ್ದರೆ ಆಶ್ಬಿಯ ನಿಯಮ ಬದಲಾಗುವುದಿಲ್ಲ. ನವಲಿಯ ಸಮತೋಲನ ಜಲಾಶಯದ ಪ್ರಸ್ತಾವವನ್ನೂ ಹೀಗೆಯೇ ತೂಗಬೇಕು. ಅದು ಬೇಕೋ ಬೇಡವೋ ತಜ್ಞರು ಹೇಳಲಿ. ಬಂದರೂ ಕೂಡ, ಒಂದೇ ಬೆಳೆಗೆ ಇನ್ನಷ್ಟು ನೀರು ಎಂಬ ದಾರಿಯನ್ನು ಅದು ಉದ್ದ ಮಾಡುತ್ತದೆಯೇ ಹೊರತು ಹೊಸ ದಾರಿ ತೆರೆಯುವುದಿಲ್ಲ.

ಸರಳತೆಯ ಪರವಾಗಿ ಎರಡು ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಗೇಟು ಕೊಚ್ಚಿಹೋದ ರಾತ್ರಿ ಹತ್ತು ಅಭಿಪ್ರಾಯಗಳಿಂದ ಉಪಯೋಗವಿಲ್ಲ. ಒಂದೇ ಆಜ್ಞೆ ಬೇಕು. ಗೇಜಿನ ಬೇಡಿಕೆಯೂ ಹಾಗೆಯೇ. ಮಾನ್ವಿಯ ರೈತನಿಗೆ ಇಡೀ ನಾಲೆಯ ಲೆಕ್ಕಪತ್ರ ನೋಡಲು ಸಿಗುವುದಿಲ್ಲ. ಎಲ್ಲರಿಗೂ ಕಾಣುವ, ಯಾರೂ ತಿರುಚಲಾಗದ ಅಳತೆ ಎಂದರೆ ಆ ಪಟ್ಟಿಯೊಂದೇ. ಅದನ್ನು ಹಿಡಿದು ಕೇಳದಿದ್ದರೆ ಅವನಿಗೆ ಅಷ್ಟೂ ನೀರು ಬರುತ್ತಿರಲಿಲ್ಲ.

ಮುರಿದ ಕೈಗೆ ಪಟ್ಟಿ ಕಟ್ಟುವುದು ಸರಿಯೇ. ತಿಂಗಳ ನಂತರವೂ ಬಿಚ್ಚದಿದ್ದರೆ ಕೀಲು ಸೆಟೆಯುತ್ತದೆ. ನಮ್ಮ ನಾಲೆಗೆ ಕಟ್ಟಿದ ಪಟ್ಟಿಯನ್ನು ದಶಕಗಳಿಂದ ಯಾರೂ ಬಿಚ್ಚಿಲ್ಲ.

ಏನು ಮಾಡಬಹುದು?

ಮೊದಲನೆಯದು ತೂಬು. ಮಟ್ಟ ಇಳಿದಾಗ ನಾಲೆಯಷ್ಟೇ ಪ್ರಮಾಣದಲ್ಲಿ ತಾನೂ ಇಳಿಯುವ ತೂಬನ್ನು ಕಟ್ಟಲು ಸಾಧ್ಯ. ಪಂಜಾಬಿನ ನಾಲೆಗಳಿಗಾಗಿ ಕ್ರಂಪ್ ಎಂಬ ಎಂಜಿನಿಯರ್ 1922ರಲ್ಲೇ ಅಂಥ ಅನುಪಾತ ತೂಬನ್ನು ವಿವರಿಸಿದ್ದರು. ಇದರಿಂದ ಕೊರತೆ ಎಲ್ಲರಿಗೂ ಹಂಚಿಹೋಗುತ್ತದೆ. ನಾಲೆಯ ಆಧುನೀಕರಣವೆಂದರೆ ಸಿಮೆಂಟು ಹೊದಿಕೆ ಮಾತ್ರ ಎಂದು ತಿಳಿಯದೆ, ವಿತರಣಾ ನಾಲೆಗಳಲ್ಲಿ ಇದನ್ನೂ ಪ್ರಯೋಗಿಸಬೇಕು.

ಎರಡನೆಯದು ಬೆಳೆ. ನೀತಿಬೋಧೆಯಿಂದ ಯಾರೂ ಭತ್ತ ಬಿಡುವುದಿಲ್ಲ. ಜೋಳ, ತೊಗರಿ, ಕಡಲೆಯ ಖರೀದಿ ಭತ್ತದಷ್ಟೇ ಖಾತರಿಯಾಗಬೇಕು, ಬಸಿಗಾಲುವೆಗಳು ತೆರವಾಗಬೇಕು. ಒಂದು ವಿತರಣಾ ನಾಲೆಯ ರೈತರು ಒಟ್ಟಾಗಿ ಬದಲಾದರೆ ಮಾತ್ರ ಬಸಿನೀರಿನ ಕಾಟ ತಪ್ಪುತ್ತದೆ. ಒಬ್ಬೊಬ್ಬರಾಗಿ ಆಗದು.

ಮೂರನೆಯದು ಬದಲಿ ಸಾಮಗ್ರಿ ಮತ್ತು ಕೈಗಳು. ಉಪಯೋಗವಿಲ್ಲದೆ ಕುಳಿತಿರುವ ಬದಲಿ ಗೇಟು, ಖಾಲಿ ಉಳಿದಂತೆ ಕಾಣುವ ಗ್ಯಾಂಗ್‌ಮನ್ ಹುದ್ದೆ ಲೆಕ್ಕಪತ್ರದಲ್ಲಿ ದಂಡವೆಂದು ತೋರುತ್ತವೆ. ಮಿತವ್ಯಯದ ಹೆಸರಿನಲ್ಲಿ ಮೊದಲು ಕತ್ತರಿಗೆ ಬೀಳುವುದೂ ಅವೇ. ಹೊಂದಾಣಿಕೆಯ ಶಕ್ತಿ ಅಡಗಿರುವುದು ಅಲ್ಲೇ.

ನಾಲ್ಕನೆಯದು ನೀವು. ನಿಮ್ಮ ಊರಿನ ಪ್ರೌಢಶಾಲೆಯ ಹತ್ತಿರ ವಿತರಣಾ ನಾಲೆ ಹಾದುಹೋಗಿದ್ದರೆ, ಅಡ್ಡ ಸೇತುವೆಯ ಮೇಲೆ ನಿಂತು ಅಳೆಯಬಹುದಾದ ಒಂದು ಜಾಗ ಗೊತ್ತುಮಾಡಿ. ಗಳವೊಂದಕ್ಕೆ ಸೆಂಟಿಮೀಟರುಗಳ ಗುರುತು ಹಾಕಿ, ಮೇಷ್ಟ್ರ ಜೊತೆಯಲ್ಲಿ ಮಕ್ಕಳು ಪ್ರತಿದಿನ ಒಂದೇ ಹೊತ್ತಿಗೆ ನೀರಿನ ಆಳ ಬರೆದಿಡಲಿ. ಇನ್ನೊಂದು ಅಂಕಣದಲ್ಲಿ ಆ ನಾಲೆಯ ಕೆಳಗೆ ಯಾವ ಯಾವ ಬೆಳೆ ನಿಂತಿದೆ ಎಂಬುದನ್ನು ಗುರುತಿಸಲಿ. ಮೇಲ್ಭಾಗದ ಒಂದು ಶಾಲೆ, ಕೊನೆಭಾಗದ ಒಂದು ಶಾಲೆ ತಮ್ಮ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಮೇಲೆ ಒಂದು ಗೇಣು ಇಳಿದ ದಿನ ಕೆಳಗೆ ಎಷ್ಟು ಇಳಿಯಿತು, ಎಷ್ಟು ದಿನ ತಡವಾಗಿ ಇಳಿಯಿತು? 69ನೇ ಮೈಲಿನ ಅಂಕಿಯೊಂದರಿಂದ ತಿಳಿಯದ ಸಂಗತಿಗಳು ಆ ನೋಟುಪುಸ್ತಕದಲ್ಲಿ ತಿಳಿಯುತ್ತವೆ. ಮುಂದಿನ ಸಲ ಅಧಿಕಾರಿಗಳು ಊರಿಗೆ ಬಂದಾಗ ಆ ಪುಸ್ತಕವನ್ನು ಅವರ ಮುಂದಿಡಿ.